‘ಶಿಕಾರಿ’ಗೆ ಹೊಸ ಬೆನ್ನು ಕಟ್ಟಿದ ಲೆಕ್ಕ

ಪುಸ್ತಕ ಈಗ ಮೇಜಿನ ಮೇಲೆ ಚಪ್ಪಟೆಯಾಗಿ ತೆರೆದುಕೊಳ್ಳುತ್ತದೆ. ಹಾಳೆ ಉದುರುವುದಿಲ್ಲ. ದೀಪಾವಳಿ ಮುಗಿದ ಮೇಲೆ ಹಿಡಿದ ಕೆಲಸ, ಶಿವರಾತ್ರಿ ಹೊತ್ತಿಗೆ ಮುಗಿಯಿತು. ರಜೆ ಇದ್ದಾಗ ಮಾತ್ರ ಮಾಡಿದ್ದು. ಕಾರವಾರದಂಥ ಊರಲ್ಲಿ ಹಳೆ ಪುಸ್ತಕ ಇಟ್ಟುಕೊಂಡವರಿಗೆ ಉಪಯೋಗ ಆಗಬಹುದು ಅಂತ, ಮಾಡಿದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಪುಸ್ತಕ ಯಶವಂತ ಚಿತ್ತಾಲರ ‘ಶಿಕಾರಿ’. 1979ರಲ್ಲಿ ಮೊದಲು ಬಂದ ಕಾದಂಬರಿ. ನನ್ನದು ಆಮೇಲಿನ ಮುದ್ರಣ. ಮುಂಬಯಿಯಲ್ಲಿ ಜೊತೆಗೆ ರೂಮಿನಲ್ಲಿದ್ದ ಕುಮಟೆ ಕಡೆಯ ಗೆಳೆಯ ವರ್ಗವಾಗಿ ಹೋಗುವಾಗ ಬಿಟ್ಟು ಹೋದ ಪ್ರತಿ. ಯಾರಾದರೂ ನಿನ್ನ ಇಷ್ಟದ ಪುಸ್ತಕ ಯಾವುದು ಅಂತ ಕೇಳಿದರೆ ನಾನು ಹೇಳುವುದು ಇದನ್ನೇ. ಯಾಕೆ ಅಂತ ಕೇಳಿದರೆ ಒಂದು ಸಿದ್ಧ ಉತ್ತರವೂ ಇತ್ತು. ಅದರ ಗತಿ ಏನಾಯಿತು ಅನ್ನುವುದು ಐದನೇ ಹಂತದಲ್ಲಿದೆ.

1. ಮೊದಲ ಪರೀಕ್ಷೆ

ಮುಖಪುಟ ಬೇರೆಯೇ ಬಂದಿತ್ತು. ಬೆನ್ನಿನ ಕಾಗದ ಪುಡಿ. ಹೊಲಿಗೆಯ ದಾರ ಕೊಳೆತು ಅಲ್ಲಲ್ಲಿ ತುಂಡಾಗಿತ್ತು. ಹಾಳೆಗಳು ಹಳದಿ, ಅಂಚು ಕಂದು. ಕೆಳಗಿನ ಒಂದು ಮೂಲೆಯನ್ನು ಒರಲೆ ತಿಂದಿತ್ತು. ಅಕ್ಷರಕ್ಕೆ ಬಂದಿರಲಿಲ್ಲ, ಪುಣ್ಯ. ಮೊದಲ ಕೆಲವು ಪುಟಗಳಿಗೆ ಯಾವಾಗಲೋ ಹಚ್ಚಿದ ಸೆಲ್ಲೋಟೇಪು ಚಹಾದ ಬಣ್ಣಕ್ಕೆ ತಿರುಗಿತ್ತು. ಹಿಂದಿನ ಭಾಗಕ್ಕೆ ಬೂದು ಬಣ್ಣದ ಬೂಸ್ಟು.

ಬೂಸ್ಟಿಗೆ ಕಾರಣ ಹುಡುಕುವ ಅಗತ್ಯವೇ ಇರಲಿಲ್ಲ. ಕಪಾಟು ಪಡುವಣ ಗೋಡೆಗೆ ಒತ್ತಿ ನಿಂತಿತ್ತು. ಮಳೆ ಹೊಡೆಯುವುದು ಆ ಗೋಡೆಗೇ. ಗಾಳಿಯ ತೇವ ಶೇಕಡಾ 65 ದಾಟಿ ಹಾಗೇ ನಿಂತರೆ ಕಾಗದದ ಮೇಲೆ ಬೂಸ್ಟು ಏಳುತ್ತದೆ. ಜೂನ್-ಜುಲೈನಲ್ಲಿ ನಮ್ಮಲ್ಲಿ ಅದು 85ರ ಮೇಲೇ ಇರುತ್ತದೆ. ಗೋಡೆಗೂ ಕಪಾಟಿಗೂ ನಡುವೆ ನಾಲ್ಕು ಬೆರಳು ಜಾಗ ಬಿಟ್ಟರೆ ಅರ್ಧ ಸಮಸ್ಯೆ ಇರುವುದಿಲ್ಲ.

ಅಳತೆ: ಹಾಳೆಯ ಎತ್ತರ 210 ಮಿ.ಮೀ., ಅಗಲ 136 ಮಿ.ಮೀ. ಇಪ್ಪತ್ತು ಚಿಲ್ಲರೆ ಫಾರ್ಮು (ಮಡಚಿದ ಹಾಳೆಗಳ ಕಟ್ಟು), ಒಂದೊಂದಕ್ಕೆ 16 ಪುಟ, ನಡುವೆ ದಾರದ ಹೊಲಿಗೆ. ಇದು ಒಳ್ಳೆಯ ಸುದ್ದಿ. ಬರೀ ಗೋಂದು ಹಚ್ಚಿ ಅಂಟಿಸಿದ ಪುಸ್ತಕ ಆಗಿದ್ದರೆ ಒಂದೊಂದು ಹಾಳೆಯೂ ಬಿಡಿಬಿಡಿ, ಕೆಲಸ ಬೇರೆ ಥರ.

2. ಬೈಂಡರ್ ಹತ್ತಿರ ಯಾಕೆ ಕೊಡಲಿಲ್ಲ

ಕೊಡಲೆಂದೇ ಹೋಗಿದ್ದೆ. ಪೇಟೆಯಲ್ಲಿ ರಿಜಿಸ್ಟರು, ವಕೀಲರ ಪುಸ್ತಕ ಕಟ್ಟುವವರು ಒಬ್ಬರಿದ್ದಾರೆ. ಕೈ ಬಹಳ ಚೊಕ್ಕ. ಅವರು ಪುಸ್ತಕ ತಿರುಗಿಸಿ ನೋಡಿ, “ನಾಳೆ ಸಂಜೆ ಬನ್ನಿ ಸರ್, ಪಕ್ಕದಲ್ಲಿ ತೂತು ಹೊಡೆದು ಹೊಲಿದು, ಮೂರೂ ಕಡೆ ಕಟಿಂಗ್ ಹೊಡೆದು ಕೊಡ್ತೇನೆ. ಹೊಸದರ ಹಾಗೆ ಆಗ್ತದೆ” ಅಂದರು. 150 ರೂಪಾಯಿ.

ಕಟಿಂಗ್ ಅಂದರೆ ಯಂತ್ರದ ಬ್ಲೇಡಿನಡಿ ಇಟ್ಟು ಮೂರು ಅಂಚನ್ನೂ ಮೂರ್ನಾಲ್ಕು ಮಿ.ಮೀ. ಕತ್ತರಿಸುವುದು. ಕಂದು ಅಂಚು ಹೋಗುತ್ತದೆ. ಜೊತೆಗೆ ಅಂಚಿನಲ್ಲಿ ಬರೆದಿದ್ದೂ ಹೋಗುತ್ತದೆ. ಪಕ್ಕದ ಹೊಲಿಗೆ ಕಡತಕ್ಕೆ ಸರಿ. ಕಾದಂಬರಿಗೆ ಹಾಕಿದರೆ ಒಳಗಿನ ಅಂಚು ಹೊಲಿಗೆಯೊಳಗೆ ಸೇರಿ, ಎರಡು ಕೈಯಲ್ಲಿ ಬಗೆದು ಹಿಡಿದು ಓದಬೇಕು. ಅವರ ಮೇಲೆ ತಪ್ಪು ಹೊರಿಸುತ್ತಿಲ್ಲ. ಅವರ ಹತ್ತಿರ ಬರುವ ಗಿರಾಕಿಗೆ ಬೇಕಾದದ್ದು ಅದೇ. ನಾನು ಅಲ್ಲಿಂದ ರಟ್ಟಿಗೆ ಹೊದಿಸುವ ಕ್ಯಾಲಿಕೊ ಬಟ್ಟೆ ಅರ್ಧ ಮೀಟರ್, ರಟ್ಟು ಮತ್ತು ಒಂದು ಸಲಹೆ ತಂದೆ: “ಫೆವಿಕಾಲ್ ಹಾಳೆಗೆ ತಾಗಿಸ್ಬೇಡಿ.”

3. ಫ್ರೀಜರ್

ಮೊದಲು ಹುಳ ಕೊಲ್ಲಬೇಕು. ನುಸಿಗುಳಿಗೆ ಇಟ್ಟರೆ ವಾಸನೆ ಬರುತ್ತದೆ, ಮೊಟ್ಟೆ ಸಾಯುತ್ತದೆ ಅನ್ನುವ ಭರವಸೆ ಇಲ್ಲ. ಬಿಸಿಲಿಗೆ ಇಟ್ಟರೆ ಕಾಗದ ಇನ್ನಷ್ಟು ಹಳದಿಯಾಗಿ ಸೆಟೆದುಕೊಳ್ಳುತ್ತದೆ. ಉಳಿದದ್ದು ತಂಪು. ಪುಸ್ತಕವನ್ನು ಒಂದರೊಳಗೊಂದು ಎರಡು ಜಿಪ್ ಚೀಲದಲ್ಲಿ ಹಾಕಿ, ಗಾಳಿ ಹಿಂಡಿ ತೆಗೆದು, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಟ್ಟೆ.

“ಬಂಗಡೆ ಜೊತೆ ಪುಸ್ತಕ ಇಡ್ತಾರಾ ಯಾರಾದ್ರೂ?” ಅಂತ ಆಯಿ ಕೇಳಿದಳು. ಚೀಲ ಎರಡಿದೆ ಅಂದೆ. “ಪುಸ್ತಕಕ್ಕಲ್ಲ, ನನ್ನ ಬಂಗಡೆಗೆ ಒರಲೆ ವಾಸನೆ ಬರ್ತದೆ” ಅಂದಳು. ಮೀನು ಒಂದು ಖಾನೆ ಕೆಳಗೆ ಹೋಯಿತು.

ಹೊರಗೆ ತೆಗೆದ ಕೂಡಲೇ ಚೀಲ ಬಿಚ್ಚಬಾರದು. ನಮ್ಮ ಗಾಳಿಯಲ್ಲಿ ತಣ್ಣಗಿನ ಕಾಗದದ ಮೇಲೆ ನೀರು ಕಟ್ಟುತ್ತದೆ. ಚೀಲದ ಸಮೇತ ಒಂದು ದಿನ ಹಾಗೇ ಇಟ್ಟರೆ ಆ ನೀರು ಚೀಲದ ಹೊರಗೇ ಉಳಿಯುತ್ತದೆ. ಇನ್ನೊಂದು ಮಾತು, ತಂಪಿಗೆ ಬೂಸ್ಟು ಸಾಯುವುದಿಲ್ಲ, ಸುಮ್ಮನೆ ಮಲಗುತ್ತದೆ. ಅದನ್ನು ಒಣಗಿಸಿ ಬ್ರಷ್‌ನಲ್ಲೇ ತೆಗೆಯಬೇಕು. ಮಾಸ್ಕ್ ಹಾಕಿಕೊಂಡು ಅಂಗಳದಲ್ಲಿ ಕೂತು, ಬೆನ್ನಿನಿಂದ ಅಂಚಿನ ಕಡೆಗೆ ಮೆತ್ತಗೆ ಗುಡಿಸಿದೆ. ಒದ್ದೆ ಬಟ್ಟೆಯಲ್ಲಿ ಒರೆಸಲು ಹೋದರೆ ಬೂಸ್ಟು ಕಾಗದದ ಒಳಗೆ ಇಳಿಯುತ್ತದೆ.

4. ಬಿಚ್ಚುವುದು

ಪ್ರತಿ ಫಾರ್ಮಿನ ತಲೆಯಲ್ಲಿ ಪೆನ್ಸಿಲಿನಿಂದ ಸಣ್ಣ ಅಂಕಿ ಹಾಕಿದೆ. ಆಮೇಲೆ ಫಾರ್ಮಿನ ನಡುವೆ ದಾರ ಕತ್ತರಿಸಿದೆ. ಬೆನ್ನಿನ ಅಂಟು ಗಾಜಿನ ಹಾಗೆ ಗಟ್ಟಿಯಾಗಿತ್ತು. ಅದರ ಮೇಲೆ ದಪ್ಪ ಗಂಜಿಯಂಥ ಗೋಂದು ಬಳಿದು ಇಪ್ಪತ್ತು ನಿಮಿಷ ಬಿಟ್ಟರೆ ಜೆಲ್ಲಿಯಾಗುತ್ತದೆ. ಮೊಂಡು ಚಾಕುವಿನಲ್ಲಿ ಕೆರೆದರೆ ಬರುತ್ತದೆ. ನೀರು ಸುರಿದರೆ ಕಾಗದಕ್ಕೇ ಇಳಿಯುತ್ತದೆ, ದಪ್ಪ ಗೋಂದಾದರೆ ಬೆನ್ನಿನ ಮೇಲೇ ನಿಲ್ಲುತ್ತದೆ.

ಸೆಲ್ಲೋಟೇಪಿಗೆ ಹೇರ್ ಡ್ರೈಯರ್. ಬಿಸಿ ತಾಗಿದಾಗ ಪ್ಲಾಸ್ಟಿಕ್ಕಿನ ಪದರ ಎದ್ದು ಬಂತು. ಅಂಟು ಕಾಗದದೊಳಗೆ ಇಳಿದು ಕಲೆಯಾಗಿದೆ. ಅದನ್ನು ತೆಗೆಯಲು ದ್ರಾವಕ ಬೇಕು, ದ್ರಾವಕ ತಾಗಿದರೆ ಮುದ್ರಣದ ಶಾಯಿಯೂ ಕದಲಬಹುದು. ಬಿಟ್ಟೆ.

5. ಫಾರ್ಮುಗಳನ್ನು ಸಾಲಾಗಿ ಇಟ್ಟಾಗ

ಇದು ರಿಪೇರಿಯ ಹಂತವೇ ಅಲ್ಲ. ಎಲ್ಲಿ ಎಷ್ಟು ಕಾಗದ ಬೇಕು ಅಂತ ಲೆಕ್ಕ ಹಾಕಲು ಫಾರ್ಮುಗಳನ್ನು ಜಗುಲಿಯ ಮೇಲೆ ಸಾಲಾಗಿ ಹರಡಿ, ಒಂದೊಂದರ ಹಾನಿ ಬರೆದುಕೊಂಡೆ. ಆ ಪಟ್ಟಿ ಹಿಡಿದು ಸುಮಾರು ಹೊತ್ತು ಕೂತೆ.

ನನ್ನ ಸಿದ್ಧ ಉತ್ತರ ಇಷ್ಟು: ‘ಶಿಕಾರಿ’ ಮುಂಬಯಿಯಲ್ಲಿ ನಡೆದರೂ ಅದರೊಳಗೆ ನಮ್ಮ ಕಡೆಯ ಊರಿದೆ, ಹನೇಹಳ್ಳಿ ಇದೆ, ಅದಕ್ಕೇ ನನಗೆ ಇಷ್ಟ. ಚಿತ್ತಾಲರು ಹುಟ್ಟಿದ್ದು ಹನೇಹಳ್ಳಿಯಲ್ಲಿ, 1928ರಲ್ಲಿ. ದುಡಿದಿದ್ದು ಮುಂಬಯಿಯಲ್ಲಿ. ನಾನೂ ಅದೇ ದಾರಿಯಲ್ಲಿ ಹೋದವನು. ಕೇಳಿದವರು ತಲೆದೂಗುತ್ತಿದ್ದರು. ನನಗೂ ಈ ಉತ್ತರ ಚೆನ್ನಾಗಿದೆ ಅನಿಸುತ್ತಿತ್ತು.

ಹಾನಿಯ ಪಟ್ಟಿ ಬೇರೆ ಹೇಳಿತು. ಊರಿನ ನೆನಪು ಬರುವ ಫಾರ್ಮುಗಳ ಅಂಚು ಹೆಚ್ಚು ಕಡಿಮೆ ಶುಭ್ರ. ಮಡಿಕೆ ಗಟ್ಟಿ. ಕಾಗದ ಹಳದಿ, ಅಷ್ಟೇ. ಕರಗಿ ಹೋದದ್ದು ಮೊದಲ ಫಾರ್ಮುಗಳು ಮತ್ತು ಮುಂದೆ ಆಫೀಸಿನ ಒಳಸಂಚು ಬಿಚ್ಚಿಕೊಳ್ಳುವ ಫಾರ್ಮುಗಳು. ಕಾದಂಬರಿಯ ನಾಯಕ ನಾಗಪ್ಪನನ್ನು ಕಂಪನಿ ಕೆಲಸದಿಂದ ದೂರ ಇಡುತ್ತದೆ, ತನ್ನ ಮೇಲೆ ಯಾರು ಏನು ಆರೋಪ ಹೊರಿಸಿದ್ದಾರೆ ಅನ್ನುವುದೇ ಅವನಿಗೆ ಗೊತ್ತಾಗುವುದಿಲ್ಲ, ಅಲ್ವಾ? ಆ ಭಾಗ. ಅಲ್ಲಿ ಹೆಬ್ಬೆರಳಿನ ಎಣ್ಣೆ ಕಲೆ, ಚಹಾದ ಉಂಗುರ, ಮಡಚಿದ ಮೂಲೆ. ಮಡಿಕೆಯಲ್ಲಿ ಕಾಗದ ಸವೆದು ಎರಡು ಹೋಳಾಗಿತ್ತು. ಪುಸ್ತಕದ ಬೆನ್ನು ಮುರಿದದ್ದೂ ಅಲ್ಲೇ. ಸುಮ್ಮನೆ ಕೈಬಿಟ್ಟರೆ ಪುಸ್ತಕ ತಾನಾಗಿ ತೆರೆಯುತ್ತಿದ್ದ ಜಾಗ ಅದು.

ಅಡಿಗೆರೆಗಳನ್ನೂ ನೋಡಿದೆ. ಅದೂ ಕೆಲಸಕ್ಕಾಗಿಯೇ. ನೀಲಿ ಪೆನ್ನಿನ ಗೆರೆಗೆ ನೀರು ತಾಗಿದರೆ ಹರಡುತ್ತದಾ ಅಂತ ಮೊದಲೇ ತಿಳಿದಿರಬೇಕು. ಒಂದು ಗೆರೆಯ ತುದಿಗೆ ಒದ್ದೆ ಬ್ರಷ್ ಮುಟ್ಟಿಸಿ ಒತ್ತುಕಾಗದ (ಬ್ಲಾಟಿಂಗ್ ಪೇಪರ್) ಇಟ್ಟೆ. ನೀಲಿ ಬಂತು. ಹಾಗಾಗಿ ಹಾಳೆ ತೊಳೆಯುವ ಯೋಚನೆ ಅಲ್ಲಿಗೇ ಮುಗಿಯಿತು. ಆದರೆ ಪೆನ್ನು ಗೆಳೆಯನದು, ಪೆನ್ಸಿಲ್ ನನ್ನದು. ಊರಿನ ಬಗ್ಗೆ ಇರುವ ಮಾತುಗಳಿಗೆ, ನಾನು ಇಷ್ಟು ವರ್ಷ ಜನರ ಮುಂದೆ ಹೇಳುತ್ತಾ ಬಂದ ವಾಕ್ಯಗಳಿಗೆ, ಎಲ್ಲ ಕಡೆ ನೀಲಿ ಗೆರೆ. ನನ್ನ ಪೆನ್ಸಿಲ್ ಇರುವುದು ಮೇಲಧಿಕಾರಿಗಳು ಮಾತಾಡುವ ಕಡೆ. ಒಂದು ಕಡೆ ಅಂಚಿನಲ್ಲಿ “ಇದೇ ಮಾತು” ಅಂತ ಬರೆದು ಎರಡು ಸಲ ತಿದ್ದಿದ್ದೇನೆ, ಕಾಗದ ಒತ್ತಿ ಹಿಂದಿನ ಪುಟದಲ್ಲಿ ಮೂಡಿದೆ.

ಕೊನೆಯ ಖಾಲಿ ಹಾಳೆಯಲ್ಲಿ ಒಂದು ಕರಡು ಇತ್ತು. ಪೆನ್ಸಿಲ್, ನನ್ನ ಅಕ್ಷರ. ನಾನು ಸ್ಟೋರ್ಸ್ ವಿಭಾಗದಲ್ಲಿದ್ದಾಗ ಸ್ಟಾಕು ಕಡಿಮೆ ಬಂದಿದೆ ಅಂತ ಒಂದು ಮೆಮೊ ಬಂದಿತ್ತು. ಅದಕ್ಕೆ ಕೊಡಬೇಕಾದ ಉತ್ತರ. “ಸದರಿ ದಿನ ನಾನು ರಜೆಯಲ್ಲಿದ್ದು” ಅಂತ ಶುರುವಾಗಿ ನಾಲ್ಕು ಸಾಲಿಗೆ ನಿಂತಿದೆ. ಮೆಮೊ ಮುಂದೆ ಎಲ್ಲೂ ಹೋಗಲಿಲ್ಲ, ಯಾರೂ ಮತ್ತೆ ಕೇಳಲಿಲ್ಲ. ಆದರೆ ಕರಡು ಬರೆಯಲು ಮನೆಯಲ್ಲಿ ಬೇರೆ ಕಾಗದ ಸಿಗಲಿಲ್ಲವಾ? ಸಿಗುತ್ತಿತ್ತು. ಹತ್ತಿರ ಇದ್ದದ್ದು ಇದು.

ಒಳಗೆ ಗುರುತಿಗೆ ಇಟ್ಟಿದ್ದ ಒಂದು ಟಿಕೇಟೂ ಸಿಕ್ಕಿತು, ಮುಂಬಯಿ-ಕಾರವಾರ ಬಸ್ಸಿನದು. ಕೊಂಕಣ ರೈಲು ಪೂರ್ತಿ ಓಡಲು ಶುರುವಾದದ್ದು 1998ರ ಜನವರಿ 26ಕ್ಕೆ. ಅದಾದ ಮೇಲೆ ನಾನು ಬಸ್ಸು ಹತ್ತಿದವನಲ್ಲ. ಹಾಗಾದರೆ ಈ ಓದು ಅದಕ್ಕೂ ಹಿಂದಿನದು, ಮೆಮೊ ಬಂದ ಕಾಲದ್ದೇ.

ಅಂದರೆ ನಾನು ಊರನ್ನು ನೆನೆದು ಓದಿದ ಮನುಷ್ಯ ಅಲ್ಲ. ಲಕೋಟೆ ಕಂಡರೆ ಹೆದರುತ್ತಿದ್ದ ಮನುಷ್ಯ. ಅದೇ ಹೆದರಿಕೆ ಇರುವ ಇನ್ನೊಬ್ಬ ಸಿಕ್ಕಿದ ಅಂತ ಹಿಡಿದುಕೊಂಡ ಪುಸ್ತಕ ಇದು. ಊರಿನ ಮೇಲಿನ ಪ್ರೀತಿ ನೀಲಿ ಪೆನ್ನಿನವನದು.

ರಬ್ಬರ್ ಹಿಡಿದದ್ದು ಸಡಿಲ ಧೂಳಿಗೆ ಮಾತ್ರ. ಬೆರಳ ಕಲೆ, ಗೆರೆ, ಕರಡು ಯಾವುದನ್ನೂ ಮುಟ್ಟಲಿಲ್ಲ. ಕಟಿಂಗ್ ಹೊಡೆಸಿದ್ದರೆ “ಇದೇ ಮಾತು” ಅರ್ಧ ಹೋಗುತ್ತಿತ್ತು.

6. ಅಂಟು

ಬೈಂಡರುಗಳ ಹಳೆಯ ಅಂಟು ಮೈದಾ ಕುದಿಸಿದ್ದು, ಹುಳ ಬಾರದಿರಲು ಅದರಲ್ಲಿ ಚಿಟಿಕೆ ಮೈಲುತುತ್ತ. ಮೈಲುತುತ್ತಕ್ಕೆ ನಮ್ಮ ಜಿಲ್ಲೆಯಲ್ಲಿ ಬರವಿಲ್ಲ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಬೇಕು, ಶಿರಸಿ ಕಡೆ ಪ್ರತಿ ತೋಟದ ಮನೆಯಲ್ಲೂ ಇರುತ್ತದೆ. ಅಲ್ಲಿಂದ ಜೇನುಮೇಣ ತಂದುಕೊಟ್ಟ ಭಾವ ಅದನ್ನೂ ಒಂದು ಪೊಟ್ಟಣ ಕಟ್ಟಿಕೊಂಡು ಬಂದಿದ್ದ. ಹಾಕಲಿಲ್ಲ. ಮೈಲುತುತ್ತದಲ್ಲಿರುವ ತಾಮ್ರವು ಕಾಗದವನ್ನು ಬೇಗ ಹಾಳು ಮಾಡುತ್ತದೆ. “ಹಾಂಗಾದ್ರೆ ಹುಳ ಬಂದ್ರೆ?” ಅಂದ. ಹುಳ ತಡೆಯುವುದು ಕಪಾಟಿನ ಕೆಲಸ, ಅಂಟಿನ ಕೆಲಸ ಅಲ್ಲ ಅಂದೆ. ಅವನಿಗೆ ಒಪ್ಪಿಗೆ ಆಗಲಿಲ್ಲ.

ಮೈದಾವನ್ನೂ ಬಿಟ್ಟೆ. ಅದರ ಜಿಗುಟು ಭಾಗಕ್ಕೇ ಹುಳ ಹೆಚ್ಚು ಬರುತ್ತದೆ, ಒಣಗಿದಾಗ ಗಡುಸೂ ಆಗುತ್ತದೆ. ಬೇಕಾದದ್ದು ಬರೀ ಪಿಷ್ಟ. ಅದನ್ನು ತೆಗೆಯುವುದು ಆಯಿಗೆ ಗೊತ್ತು, ಗೋಧಿ ಹಲ್ವಕ್ಕೆ ಹಾಲು ತೆಗೆಯುವುದು ಹಾಗೇ: ಗೋಧಿ ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಹಿಂಡಿ, ಆ ಹಾಲನ್ನು ರಾತ್ರಿ ಇಟ್ಟು, ಮೇಲಿನ ನೀರು ಚೆಲ್ಲುವುದು. ತಳದಲ್ಲಿ ಕೂತ ಬಿಳಿ ಹಿಟ್ಟನ್ನು ಒಣಗಿಸಿಟ್ಟೆ. ಒಂದು ಚಮಚ ಹಿಟ್ಟಿಗೆ ಐದು ಚಮಚ ನೀರು, ಸಣ್ಣ ಉರಿ, ಕೈ ಬಿಡದೆ ಕಲಕುವುದು. ಬಿಳಿ ಹೋಗಿ ಪಾರದರ್ಶಕ ಆಗಬೇಕು. ಆರಿದ ಮೇಲೆ ಬಟ್ಟೆಯಲ್ಲಿ ಹಿಂಡಿದರೆ ಗಂಟು ಇಲ್ಲದ ಅಂಟು. ಮೂರನೇ ದಿನಕ್ಕೆ ಹುಳಿ ವಾಸನೆ ಬರುತ್ತದೆ, ಆಗ ಬಿಸಾಡಬೇಕು. ಸ್ವಲ್ಪಸ್ವಲ್ಪವೇ ಮಾಡಿ.

ಫೆವಿಕಾಲ್ ಹಾಳೆಗೆ ಬೇಡ ಅಂದದ್ದು ನಿಜವಾ ಅಂತ ರದ್ದಿ ಕಾಗದದ ಮೇಲೆ ನೋಡಿದೆ. ನಿಜ. ಹಚ್ಚಿದ ಗೆರೆಯ ಪಕ್ಕದಲ್ಲೇ ಕಾಗದ ಮುರಿಯಿತು. ಪಿಷ್ಟದ ಅಂಟಾದರೆ ನಾಳೆ ಇನ್ನೊಬ್ಬರು ಒದ್ದೆ ಮಾಡಿ ಬಿಡಿಸಿಕೊಳ್ಳಬಹುದು. ಈ ಕೆಲಸದಲ್ಲಿ ಅದೇ ದೊಡ್ಡ ಗುಣ.

7. ತೇಪೆ

ಮೊದಲು ಗಾಳಿಪಟದ ಬಿಳಿ ಕಾಗದ ಪ್ರಯತ್ನಿಸಿದೆ. ತೆಳು ಇದೆ, ಅಗ್ಗ. ಅಂಟು ತಾಗಿದಾಗ ಹಿಗ್ಗಿ, ಒಣಗುವಾಗ ಕುಗ್ಗಿ, ಹಾಳೆಯನ್ನೇ ಎಳೆದು ಸುಕ್ಕು ಮಾಡಿತು. ರದ್ದಿ ಪುಟ, ನಷ್ಟ ಆಗಲಿಲ್ಲ.

ಕೊನೆಗೆ ಆನ್‌ಲೈನಿನಲ್ಲಿ ಜಪಾನಿ ಟಿಶ್ಯೂ ತರಿಸಿದೆ, ಕೋಝೋ ಗಿಡದ ನಾರಿನದು. ಇಡೀ ಕೆಲಸದಲ್ಲಿ ದುಬಾರಿ ವಸ್ತು ಇದೇ. ಇದನ್ನು ಕತ್ತರಿಯಿಂದ ಕತ್ತರಿಸಬಾರದು. ಒದ್ದೆ ಬ್ರಷ್‌ನಲ್ಲಿ ಗೆರೆ ಎಳೆದು ಕೈಯಲ್ಲಿ ಹರಿದರೆ ಅಂಚಿನಲ್ಲಿ ನಾರು ಮೀಸೆಯ ಹಾಗೆ ಹೊರಬರುತ್ತದೆ. ಆ ನಾರೇ ಹಿಡಿಯುವುದು. ತೇಪೆಯ ಎರಡೂ ಕಡೆ ಬಟರ್ ಪೇಪರ್, ಅದರಾಚೆ ಒತ್ತುಕಾಗದ, ಮೇಲೆ ಭಾರ. ಒತ್ತುಕಾಗದವನ್ನು ಹತ್ತು ನಿಮಿಷಕ್ಕೊಮ್ಮೆ ಬದಲಿಸದಿದ್ದರೆ ಹಾಳೆ ಅಲೆಅಲೆಯಾಗಿ ಒಣಗುತ್ತದೆ.

ಭಾರಕ್ಕೆ ಚಿರೆಕಲ್ಲು. ಕೆಂಪು ಧೂಳು ಬೀಳುತ್ತದೆ, ಹಳೆ ಬೆಡ್‌ಶೀಟಿನಲ್ಲಿ ಸುತ್ತಿ, ಕೆಳಗೆ ಹಲಸಿನ ಹಲಗೆ ಇಟ್ಟೆ.

8. ಹೊಲಿಗೆ

ಬೈತಖೋಲ್ ಬಂದರಿನಲ್ಲಿ ಬಲೆ ಸರಿಮಾಡುವವರ ಹತ್ತಿರ ನೈಲಾನ್ ದಾರ ಧಾರಾಳ ಸಿಗುತ್ತದೆ, ಕೊಳೆಯುವುದೂ ಇಲ್ಲ. ಅದಕ್ಕೇ ಅದು ಬೇಡ. ಪುಸ್ತಕದಲ್ಲಿ ಎಳೆತ ಬಿದ್ದಾಗ ದಾರ ಮುರಿಯಬೇಕು, ಕಾಗದ ಹರಿಯಬಾರದು. ನೈಲಾನ್ ಕಾಗದವನ್ನು ಕೊಯ್ಯುತ್ತದೆ. ಹತ್ತಿಯ ದಾರ ತೆಗೆದುಕೊಂಡು ಜೇನುಮೇಣದ ಮೇಲೆ ಎಳೆದೆ. ಮೇಣ ಇದ್ದರೆ ದಾರ ಗಂಟು ಬೀಳುವುದಿಲ್ಲ, ಎಳೆದ ಕಡೆ ನಿಲ್ಲುತ್ತದೆ.

ಬೆನ್ನಿಗೆ ಅಡ್ಡಪಟ್ಟಿ ಬೇಕು, ಅದರ ಸುತ್ತ ಹೊಲಿಗೆ ಸುತ್ತಿ ಹೋಗಬೇಕು. ಲಂಗದ ಹತ್ತಿ ಲಾಡಿ 12 ಮಿ.ಮೀ. ಅಗಲದ್ದು ಸರಿಯಾಗಿ ಕೂತಿತು. ಮೂರು ತುಂಡು. ಹಳೆಯ ತೂತುಗಳನ್ನೇ ಆದಷ್ಟು ಬಳಸಿದೆ, ಉಳಿದದ್ದನ್ನು ರಟ್ಟನ್ನು ‘ವಿ’ ಆಕಾರಕ್ಕೆ ಮಡಚಿ ಅದರಲ್ಲಿ ಫಾರ್ಮು ಕೂರಿಸಿ ಸೂಜಿಯಲ್ಲಿ ಚುಚ್ಚಿದೆ. ದಬ್ಬಣ ಬೇಡ, ತೂತು ದೊಡ್ಡದಾಗುತ್ತದೆ.

ಪೂರ್ತಿ ಹೊಲಿದು ನೋಡಿದರೆ ಬೆನ್ನಿನ ಕಡೆ ದಪ್ಪ, ಅಂಚಿನ ಕಡೆ ತೆಳು. ಮೇಜಿನ ಮೇಲೆ ಇಟ್ಟರೆ ಪುಸ್ತಕ ಇಳಿಜಾರು. ಕಾರಣ ಲೆಕ್ಕಕ್ಕೆ ಬರುವಂಥದ್ದೇ. ಪ್ರತಿ ಫಾರ್ಮಿನ ಮಡಿಕೆಗೂ ತೇಪೆ ಹಾಕಿದ್ದೆ, ದಾರವೂ ದಪ್ಪದ್ದು. ಒಂದೊಂದು ಫಾರ್ಮಿಗೆ ಕೂದಲಿನಷ್ಟು ದಪ್ಪ ಸೇರಿದರೂ ಇಪ್ಪತ್ತು ಫಾರ್ಮಿಗೆ ಎದ್ದು ಕಾಣುತ್ತದೆ. ಬಿಚ್ಚಿದೆ. ಗಟ್ಟಿ ಮಡಿಕೆ ಇದ್ದ ಊರಿನ ಫಾರ್ಮುಗಳಿಂದ ತೇಪೆಯನ್ನು ಒದ್ದೆ ಮಾಡಿ ತೆಗೆದೆ. ಆಫೀಸಿನ ಫಾರ್ಮುಗಳಿಗೆ ಮಾತ್ರ ಉಳಿಸಿದೆ. ದಾರ ಅರ್ಧ ದಪ್ಪದ್ದು. ಈಗ ಮಟ್ಟಸ. ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ತಿಂದದ್ದು ಈ ಒಂದು ತಿದ್ದುಪಡಿ. ನೀವು ಮಾಡುವುದಾದರೆ ಹೊಲಿಯುವ ಮೊದಲೇ ಫಾರ್ಮುಗಳನ್ನು ಜೋಡಿಸಿ, ಬೆನ್ನನ್ನು ಬೆರಳಲ್ಲಿ ಒತ್ತಿ, ಎರಡೂ ಕಡೆಯ ದಪ್ಪ ಅಳೆದುಕೊಳ್ಳಿ.

9. ರಟ್ಟು, ಬಟ್ಟೆ

ಬೆನ್ನಿಗೆ ಅಂಟು, ಅದರ ಮೇಲೆ ಬ್ಯಾಂಡೇಜ್ ಬಟ್ಟೆ ಎರಡೂ ಕಡೆ 25 ಮಿ.ಮೀ. ಹೊರಗೆ ಚಾಚುವಂತೆ, ಅದರ ಮೇಲೆ ಒಂದು ಪದರ ಕಾಗದ.

ರಟ್ಟು 2 ಮಿ.ಮೀ. ದಪ್ಪ, ಅಳತೆ 216 ಗುಣಿಸು 136. ಎತ್ತರದಲ್ಲಿ ಮೇಲೆ ಕೆಳಗೆ 3 ಮಿ.ಮೀ. ಹೆಚ್ಚು. ಅಗಲ ಹಾಳೆಯಷ್ಟೇ, ಯಾಕೆಂದರೆ ಬೆನ್ನಿನ ಪಟ್ಟಿಗೂ ರಟ್ಟಿಗೂ ನಡುವೆ 7 ಮಿ.ಮೀ. ಸಂದು ಬಿಡಬೇಕು. ಅದಿಲ್ಲದಿದ್ದರೆ ರಟ್ಟು ತೆರೆಯುವುದಿಲ್ಲ. ಬಟ್ಟೆ ಸುತ್ತಲೂ 18 ಮಿ.ಮೀ. ಒಳಗೆ ಮಡಚಲು.

ಮೊದಲ ಜೋಡಿ ರಟ್ಟು ಒಣಗಿದ ಮೇಲೆ ದೋಣಿಯಂತೆ ಬಾಗಿತು. ರಟ್ಟಿಗೂ ಮರದ ಹಾಗೆ ಎಳೆಯ ದಿಕ್ಕಿದೆ. ಎಳೆ ಬೆನ್ನಿಗೆ ಸಮಾನಾಂತರ ಇರಬೇಕು. ಎರಡೂ ದಿಕ್ಕಿಗೆ ಬಾಗಿಸಿ ನೋಡಿದರೆ, ಸಲೀಸಾಗಿ ಬಾಗುವಾಗ ಮಡಿಕೆ ಬೀಳುವ ಗೆರೆಯೇ ಎಳೆಯ ದಿಕ್ಕು. ಹಾಳೆಯಲ್ಲಿ ಜಾಸ್ತಿ ತುಂಡು ಬರಲಿ ಅಂತ ಅಡ್ಡ ಕತ್ತರಿಸಿದ್ದೆ. ಎರಡನೇ ಜೋಡಿ ಸರಿಯಾಯಿತು.

ಹಳೆಯ ಮುಖಪುಟವನ್ನು ಟಿಶ್ಯೂ ಮೇಲೆ ಕೂರಿಸಿ ಮೊದಲ ಹಾಳೆಯಾಗಿ ಒಳಗೆ ಸೇರಿಸಿದೆ. ಹೊರಗೆ ಕಪ್ಪು ಕ್ಯಾಲಿಕೊ. ಬೆನ್ನ ಮೇಲೆ ಹೆಸರು ಬರೆದಿಲ್ಲ.

10. ಖರ್ಚು ಮತ್ತು ಬಾಕಿ

ಜಪಾನಿ ಟಿಶ್ಯೂ ಅಂಚೆ ಸೇರಿ 640 ರೂ. ಕ್ಯಾಲಿಕೊ, ರಟ್ಟು, ಒತ್ತುಕಾಗದ 310. ದಾರ, ಲಾಡಿ, ಬ್ಯಾಂಡೇಜ್ ಬಟ್ಟೆ 120. ತೇವ ಅಳೆಯುವ ಸಣ್ಣ ಮೀಟರ್ 350. ಸಿಲಿಕಾ ಜೆಲ್ 180. ಒಟ್ಟು 1600. ಇಷ್ಟು ದುಡ್ಡಿಗೆ ಹೊಸ ಪ್ರತಿಗಳೇ ಕೆಲವು ಬರುತ್ತಿದ್ದವು ಅಂತ ಹೆಂಡತಿ ಹೇಳಿದ್ದು ಸರಿಯೇ. ಹೊಸ ಪ್ರತಿಯನ್ನೂ ಕೊಳ್ಳುವುದಿದೆ, ಓದಲು ಕೇಳಿದವರಿಗೆ ಕೊಡಲು.

ಪುಸ್ತಕ ಈಗ ಮೂಡಣ ಗೋಡೆಯ ಸ್ಟೀಲ್ ಕಪಾಟಿನಲ್ಲಿದೆ, ಮೀಟರ್ ಪಕ್ಕದಲ್ಲಿ. ಪ್ಲಾಸ್ಟಿಕ್ ಹೊದಿಕೆ ಹಾಕಿಲ್ಲ, ಅದರೊಳಗೆ ತೇವ ಸಿಕ್ಕಿಕೊಳ್ಳುತ್ತದೆ. ಸಿಲಿಕಾ ಜೆಲ್ ಬಣ್ಣ ತಿರುಗಿದಾಗ ಬಾಣಲೆಯಲ್ಲಿ ಹುರಿದು ಮತ್ತೆ ಇಡಬಹುದು, ಮಳೆಗಾಲದಲ್ಲಿ ಅದು ಮತ್ತೆ ಮತ್ತೆ ಮಾಡುವ ಕೆಲಸ. ಹಾಳೆಯೊಳಗಿನ ಹುಳಿ (ಆಮ್ಲ) ಹಾಗೇ ಇದೆ, ತೊಳೆಯಲು ನೀಲಿ ಪೆನ್ನು ಬಿಡುವುದಿಲ್ಲ. ಹಾಗಾಗಿ ಕಾಗದ ಹಳದಿಯಾಗುತ್ತಲೇ ಹೋಗುತ್ತದೆ, ನಿಧಾನಕ್ಕೆ. ಒರಲೆ ತಿಂದ ಮೂಲೆಗೆ ತುಂಬುಕಾಗದ ಹಾಕುವುದು ಬಾಕಿ. ಬಸ್ಸಿನ ಟಿಕೇಟನ್ನು ಹಾಳೆಗೆ ಕಲೆ ಹತ್ತದಂತೆ ಬಟರ್ ಪೇಪರಿನ ಲಕೋಟೆಯಲ್ಲಿ ಹಾಕಿ ಹಿಂದಿನ ರಟ್ಟಿಗೆ ಸಿಕ್ಕಿಸಿದ್ದೇನೆ. ಗೆಳೆಯನಿಗೆ ಫೋನ್ ಮಾಡಿ ಪುಸ್ತಕ ವಾಪಸ್ ಬೇಕಾ ಅಂತ ಕೇಳಿದೆ. “ಯಾವ ಪುಸ್ತಕ?” ಅಂದ.